ಬಳ್ಳಾರಿಯಲ್ಲಿ ಇಳಿಯುತ್ತಿದ್ದ ವಿಮಾನ

1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಟಪಾಲು ಚೀಲ ಹೇರಿಕೊಂಡು ಹೊರಟ ಕಥೆ ನಮ್ಮಲ್ಲಿ ಅನೇಕರಿಗೆ ಗೊತ್ತು. ಅಹಮದಾಬಾದಿನಲ್ಲಿ ಇಳಿದು ಪೆಟ್ರೋಲು ತುಂಬಿಸಿಕೊಂಡರು, ಮಧ್ಯಾಹ್ನ ಮುಂಬಯಿಯ ಜುಹೂ ಬಯಲಿಗೆ ಬಂದಿಳಿದರು. ಕಥೆ ಹೇಳುವವರು ಸಾಮಾನ್ಯವಾಗಿ ಇಲ್ಲಿಗೇ ಚಪ್ಪಾಳೆ ತಟ್ಟಿ ನಿಲ್ಲಿಸಿಬಿಡುತ್ತಾರೆ. ಆದರೆ ಟಪಾಲು ಅಲ್ಲಿಗೆ ನಿಲ್ಲಲಿಲ್ಲ. ಅದನ್ನು ಟಾಟಾರ ಜೊತೆಗಾರ ನೆವಿಲ್ ವಿನ್ಸೆಂಟ್ ಮದರಾಸಿಗೆ ಒಯ್ದ. ಹೋದ ದಾರಿ ಬಳ್ಳಾರಿಯದು.

ಬಳ್ಳಾರಿಯೇ ಏಕೆ? ಉತ್ತರ ವಿಮಾನದಲ್ಲೇ ಇದೆ. ಅದು ಡಿ ಹ್ಯಾವಿಲೆಂಡ್ ಕಂಪನಿಯ ಪುಸ್ ಮಾತ್. ಒಂದೇ ಎಂಜಿನ್ನು, ಚಾಲಕನ ಹಿಂದೆ ಇಬ್ಬರು ಕೂರುವಷ್ಟು ಜಾಗ, ಗಂಟೆಗೆ ನೂರು ಮೈಲಿಯ ಆಸುಪಾಸಿನ ವೇಗ. ಮುಂಬಯಿಯಿಂದ ಮದರಾಸಿಗೆ ಒಂದೇ ಉಸಿರಿನಲ್ಲಿ ಹಾರುವ ಶಕ್ತಿ ಅದಕ್ಕಿರಲಿಲ್ಲ. ನಡುವೆ ಎಲ್ಲಾದರೂ ಇಳಿಯಲೇಬೇಕು. ಹೀಗೆ ವಿಮಾನದ ಅಶಕ್ತಿಯಿಂದಾಗಿ ಬಳ್ಳಾರಿ ದೇಶದ ಮೊದಲ ವಿಮಾನ ನಕ್ಷೆಯ ಮೇಲೆ ಬಂತು. ಮುಂದೆ ಮದರಾಸಿನ ದಾರಿ ಹೈದರಾಬಾದಿನ ಕಡೆ ಹೊರಳಿತು, ಬಳ್ಳಾರಿ ಬಿಟ್ಟುಹೋಯಿತು. ಒಂದು ವಿಮಾನ ಸಂಸ್ಥೆಯ ವಿಮಾನಗಳ ಪಟ್ಟಿಯನ್ನು ನಾವು ಪ್ರಗತಿಯ ಪಟ್ಟಿ ಎಂದೇ ಓದುತ್ತೇವೆ. ಯಾವ ಊರನ್ನು ಯಾವಾಗ ದಾಟಿಹೋದರು ಎಂಬ ಲೆಕ್ಕವೂ ಅದರೊಳಗೆ ಇರುತ್ತದೆ.

1933ರ ಇಡೀ ವರ್ಷದಲ್ಲಿ ಟಾಟಾ ವಿಮಾನಗಳಲ್ಲಿ ಹೋದ ಪ್ರಯಾಣಿಕರು 155 ಜನ. ಮುಂದೆ ಇದೇ ಸಂಸ್ಥೆ ತಂದ ಜಂಬೋದಲ್ಲಿ ಇಷ್ಟು ಜನ ಕೂತರೆ ಅರ್ಧ ವಿಮಾನವೂ ತುಂಬುತ್ತಿರಲಿಲ್ಲ. ಆಗ ಟಪಾಲೇ ಮುಖ್ಯ, ಮನುಷ್ಯ ಹೆಚ್ಚುವರಿ ಸಾಮಾನು.

ಮನುಷ್ಯರನ್ನು ನಿಜವಾಗಿ ಹತ್ತಿಸಿಕೊಂಡದ್ದು ಡಕೋಟ. ಯುದ್ಧ ಮುಗಿದಾಗ ಅಮೆರಿಕದ ಸೇನೆ ಬಿಟ್ಟುಹೋದ ಡಕೋಟಗಳು ಇಲ್ಲಿ ರಾಶಿ ಬಿದ್ದಿದ್ದವು. ಅವುಗಳಲ್ಲಿ ಬಹಳಷ್ಟನ್ನು ನಾಗರಿಕ ಬಳಕೆಗೆ ಸಜ್ಜುಗೊಳಿಸಿದ್ದು ನಮ್ಮ ಬೆಂಗಳೂರಿನ ಎಚ್.ಎ.ಎಲ್. ಕಾರ್ಖಾನೆ. ಸೈನಿಕರನ್ನೂ ಮದ್ದುಗುಂಡನ್ನೂ ಹೊತ್ತ ಹೊಟ್ಟೆಯಲ್ಲಿ ಕುರ್ಚಿ ಜೋಡಿಸಿದರು. ಸ್ವಾತಂತ್ರ್ಯದ ಹೊತ್ತಿಗೆ ಈ ದೇಶದಲ್ಲಿ ವಿಮಾನ ಎಂದರೆ ಹೆಚ್ಚುಕಡಿಮೆ ಡಕೋಟ ಎಂದೇ ಅರ್ಥ.

1946ರಲ್ಲಿ ಟಾಟಾ ಏರ್‌ಲೈನ್ಸ್ ಏರ್ ಇಂಡಿಯಾ ಆಯಿತು. 1948ರ ಜೂನ್ 8ರಂದು ಲಾಕ್‌ಹೀಡ್ ಕಾನ್‌ಸ್ಟಲೇಷನ್ ವಿಮಾನ ಮುಂಬಯಿಯಿಂದ ಲಂಡನ್ನಿಗೆ ಹೊರಟಿತು, ಕೈರೋ, ಜಿನೀವಾಗಳ ಮೇಲೆ. ನಾಲ್ಕು ಎಂಜಿನ್ನು, ಮೂರು ಬಾಲದ ರೆಕ್ಕೆ. ಹೆಸರು ಮಲಬಾರ್ ಪ್ರಿನ್ಸೆಸ್. ಈ ಹೆಸರಿಡುವ ಚಾಳಿ ಬಲು ಸೊಗಸಿನದು. ಕಾನ್‌ಸ್ಟಲೇಷನ್‌ಗಳು ರಾಜಕುಮಾರಿಯರು, ಅವಕ್ಕಿಂತ ದೊಡ್ಡ ಸೂಪರ್ ಕಾನ್‌ಸ್ಟಲೇಷನ್‌ಗಳು ಬಂದಾಗ ಅವು ರಾಣಿಯರು, 1960ರಲ್ಲಿ ಬಂದ ಬೋಯಿಂಗ್ 707 ಜೆಟ್‌ಗಳಿಗೆ ಹಿಮಾಲಯದ ಶಿಖರಗಳ ಹೆಸರು, 1971ರಿಂದ ಬಂದ 747 ಜಂಬೋಗಳು ಚಕ್ರವರ್ತಿಗಳು. ಅಶೋಕ, ಅಕ್ಬರ್, ರಾಜೇಂದ್ರ ಚೋಳರ ಸಾಲಿನಲ್ಲಿ ನಮ್ಮ ಕೃಷ್ಣದೇವರಾಯನೂ ಇದ್ದ. ಪುಸ್ ಮಾತ್ ಇಳಿದ ಬಳ್ಳಾರಿಗೆ ಹಂಪಿ ಕೂಗಳತೆಯಲ್ಲದಿದ್ದರೂ ನೆರೆಯೂರೇ. ಆದರೆ ಆ ಗಾತ್ರದ ರಾಯ ತನ್ನ ಸೀಮೆಯ ಅಂದಿನ ಬಯಲಲ್ಲಿ ಇಳಿಯುವ ಮಾತೇ ಇರಲಿಲ್ಲ.

ಹೆಸರು ಎಷ್ಟೇ ದೊಡ್ಡದಿದ್ದರೂ ಬೆಟ್ಟಕ್ಕೆ ಅದರ ಹಂಗಿಲ್ಲ. 1950ರ ನವೆಂಬರ್ 3ರಂದು ಮಲಬಾರ್ ಪ್ರಿನ್ಸೆಸ್ ಜಿನೀವಾದತ್ತ ಇಳಿಯುವಾಗ ಫ್ರಾನ್ಸಿನ ಮಾಂಟ್ ಬ್ಲಾಂಕ್ ಪರ್ವತಕ್ಕೆ ಬಡಿಯಿತು. 48 ಜನರೂ ಸತ್ತರು. 1966ರ ಜನವರಿ 24ರಂದು ಅದೇ ಸಂಸ್ಥೆಯ 707, ಅದೇ ಜಿನೀವಾಕ್ಕೆ ಇಳಿಯುತ್ತ, ಅದೇ ಪರ್ವತಕ್ಕೆ ಬಡಿದು 117 ಜನ ಸತ್ತರು. ಆ ವಿಮಾನದ ಹೆಸರು ಕಾಂಚನಜುಂಗಾ. ಒಂದು ಶಿಖರದ ಹೆಸರು ಹೊತ್ತದ್ದು ಇನ್ನೊಂದು ಶಿಖರದಲ್ಲಿ ಒಡೆಯಿತು. ಅದರಲ್ಲಿ ಹೋಮಿ ಭಾಭಾ ಇದ್ದರು. ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಕೆಲವು ವರ್ಷ ಕಳೆದವರು. ಅವರ ಸಾವಿನ ಸುತ್ತ ಹುಟ್ಟಿದ ಪಿತೂರಿ ಕಥೆಗಳು ಇಂದಿಗೂ ಮೊಬೈಲಿನಿಂದ ಮೊಬೈಲಿಗೆ ಹಾರುತ್ತಿವೆ. ವಿಮಾನ ಪರ್ವತವನ್ನು ದಾಟಿದೆಯೆಂದು ಚಾಲಕ ತಪ್ಪು ತಿಳಿದದ್ದು ತನಿಖೆಯಲ್ಲಿ ಕಂಡ ಸಂಗತಿ. ಅದು ನಮಗೆ ಸಾಲದು, ಅಷ್ಟು ದೊಡ್ಡ ಮನುಷ್ಯ ಅಷ್ಟು ಸಣ್ಣ ತಪ್ಪಿಗೆ ಸತ್ತನೆಂದು ಒಪ್ಪಲು ಮನಸ್ಸು ಬಾರದು. 2012ರಲ್ಲಿ ಹಿಮನದಿ ಆ ವಿಮಾನದ ಒಂದು ಚೀಲವನ್ನು ಹೊರಗೆ ಉಗುಳಿತು. ಭಾರತದ ವಿದೇಶಾಂಗ ಇಲಾಖೆಯ ಟಪಾಲು ಚೀಲ. 46 ವರ್ಷ ತಡವಾಗಿ ಬಟವಾಡೆಯಾಯಿತು.

1953ರಲ್ಲಿ ವಿಮಾನಯಾನ ಸರ್ಕಾರದ ಪಾಲಾದರೂ ಜೆ.ಆರ್.ಡಿ. ಅಧ್ಯಕ್ಷರಾಗಿ ಉಳಿದಿದ್ದರು. 1962ರ ಹೊತ್ತಿಗೆ ಸಂಸ್ಥೆಯ ಎಲ್ಲ ವಿಮಾನಗಳೂ ಜೆಟ್‌ಗಳಾಗಿದ್ದವು, ಜಗತ್ತಿನಲ್ಲೇ ಮೊದಲು. 1978ರ ಜನವರಿ 1ರ ರಾತ್ರಿ ಮೊದಲ ಜಂಬೋ 'ಅಶೋಕ' ಮುಂಬಯಿಯಿಂದ ದುಬೈಗೆ ಎದ್ದ ಕೆಲವೇ ಕ್ಷಣಗಳಲ್ಲಿ ಬಾಂದ್ರಾದ ಆಚೆ ಕಡಲಿಗೆ ಬಿತ್ತು. ವಿಮಾನ ಎತ್ತ ವಾಲಿದೆ ಎಂದು ತೋರಿಸುವ ಒಂದು ಉಪಕರಣ ಕೆಟ್ಟಿತ್ತು. ಹೊರಗೆ ಕಪ್ಪು ಸಮುದ್ರ. ಕಣ್ಣಿಗೆ ಆಧಾರವಾಗಲು ದಿಗಂತವಿಲ್ಲ. ನೇರವಾಗಿಯೇ ಇದ್ದ ವಿಮಾನವನ್ನು ಬಲಕ್ಕೆ ವಾಲಿದೆಯೆಂದು ನಂಬಿ ಚಾಲಕ ಎಡಕ್ಕೆ ಹೊರಳಿಸುತ್ತಲೇ ಹೋದ. 213 ಜನ. ಮರುತಿಂಗಳೇ ಮೊರಾರ್ಜಿ ದೇಸಾಯಿ ಸರ್ಕಾರ ಜೆ.ಆರ್.ಡಿ.ಯವರನ್ನು ಅಧ್ಯಕ್ಷ ಸ್ಥಾನದಿಂದ ಇಳಿಸಿತು. ನಲವತ್ತಾರು ವರ್ಷ ಕಟ್ಟಿದವರನ್ನು ಹಾಗೆ ಕಳಿಸಿದ್ದು ಸಣ್ಣತನ ಎಂದೇ ನನ್ನ ಅನಿಸಿಕೆ.

ಅವರು ಮುನಿದು ಕೂರಲಿಲ್ಲ. 1982ರ ಅಕ್ಟೋಬರ್ 15ರಂದು, ತಮ್ಮ 78ನೆಯ ವಯಸ್ಸಿನಲ್ಲಿ, ಪುಸ್ ಮಾತ್‌ನ ತಮ್ಮನಂತಿದ್ದ ಲೆಪರ್ಡ್ ಮಾತ್ ವಿಮಾನವನ್ನು ಕರಾಚಿಯಿಂದ ಮತ್ತೆ ತಾವೇ ಹಾರಿಸಿಕೊಂಡು ಬಂದರು. ಅಹಮದಾಬಾದಿನಲ್ಲಿ ಇಳಿದರು, ಜುಹೂ ತಲುಪಿದರು. ಹಾರ ಹಾಕಿದರು, ಭಾಷಣಗಳಾದವು. ಆ ಸಲವೂ ಕಥೆ ಜುಹೂವಿನಲ್ಲೇ ಮುಗಿಯಿತು.