ಬೆಳೆ ರಕ್ಷಣೆಯ ಕೋವಿ

ಬೆಳೆ ರಕ್ಷಣೆಯ ಕೋವಿ ಎಂದರೆ ಕೃಷಿಕರು ಕಾಡುಪ್ರಾಣಿಗಳಿಂದ ಗದ್ದೆ ಹಾಗೂ ತೋಟಗಳನ್ನು ಕಾಪಾಡಿಕೊಳ್ಳಲು ಸರ್ಕಾರದ ಪರವಾನಗಿಯೊಂದಿಗೆ ಇಟ್ಟುಕೊಳ್ಳುವ ಬಂದೂಕು. ಕರ್ನಾಟಕದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ, ಅದರಲ್ಲೂ ಪಶ್ಚಿಮ ಘಟ್ಟದ ಬುಡದಲ್ಲಿರುವ ಬೆಳ್ತಂಗಡಿ ತಾಲೂಕಿನ ಚಾರ್ಮಾಡಿಯಂತಹ ಗ್ರಾಮಗಳಲ್ಲಿ ಇದರ ಬಳಕೆ ಹಿಂದಿನಿಂದಲೂ ಇದೆ. ಉತ್ತರ ಅಮೆರಿಕದಲ್ಲಿ ಕಯೋಟಿ ಎಂಬ ಪ್ರಾಣಿಯ ಬೇಟೆಗೆ ಹಗುರವಾದ ಬೋಲ್ಟ್ ರೈಫಲನ್ನು ಆರಿಸಿ, ತಮಗೆ ಬೇಕಾದಂತೆ ಮಾರ್ಪಡಿಸಿಕೊಳ್ಳುವ ರೂಢಿಯಿದೆ. ಭಾರತದಲ್ಲಿ ಅದೇ ಕುಲಕ್ಕೆ ಸೇರಿದ ನರಿಯು ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಲ್ಲಿದೆ. ಇಲ್ಲಿ ಕೋವಿಯ ಆಯ್ಕೆಯನ್ನು ಮೊದಲು ಕಾನೂನು, ಅನಂತರ ನೆಲದ ಸ್ವರೂಪ ನಿರ್ಧರಿಸುತ್ತವೆ.

ಹಿನ್ನೆಲೆ

ಚಾರ್ಮಾಡಿಯು ಮಂಗಳೂರು–ತುಮಕೂರು ರಾಷ್ಟ್ರೀಯ ಹೆದ್ದಾರಿ 73ರಲ್ಲಿ, ಮೂಡಿಗೆರೆ ಕಡೆಗೆ ಘಾಟಿ ಆರಂಭವಾಗುವಲ್ಲಿದೆ. ಅಡಿಕೆ, ತೆಂಗು, ಬಾಳೆ, ರಬ್ಬರ್ ಮತ್ತು ಭತ್ತ ಈ ಭಾಗದ ಮುಖ್ಯ ಬೆಳೆಗಳು. ಅನೇಕ ತೋಟಗಳಿಗೂ ಕಾಡಿಗೂ ನಡುವೆ ಒಂದು ಬೇಲಿಯಷ್ಟೇ ಅಂತರ. ಹಂದಿಗಳು ಭತ್ತದ ಗದ್ದೆಯನ್ನೂ ಗೆಡ್ಡೆಗೆಣಸುಗಳನ್ನೂ ಅಗೆದು ಹಾಳುಮಾಡುತ್ತವೆ; ಮಂಗಗಳು ಎಳನೀರನ್ನೂ ಎಳೆಯ ಅಡಿಕೆಯನ್ನೂ ಕೆಡಹುತ್ತವೆ. ಆನೆ ಮತ್ತು ಕಾಟಿಗಳೂ ತೋಟಗಳಿಗೆ ಇಳಿಯುವುದುಂಟು. ಹಿಂದೆ ಗದ್ದೆಯಂಚಿನ ಅಟ್ಟದಲ್ಲಿ ರಾತ್ರಿ ಕಾವಲು ಕುಳಿತು, ಡಬ್ಬ ಬಡಿದು, ಕೂಗು ಹಾಕಿ ಪ್ರಾಣಿಗಳನ್ನು ಓಡಿಸುತ್ತಿದ್ದರು. ಕೋವಿಯ ಮುಖ್ಯ ಉಪಯೋಗವೂ ಬಹುಪಾಲು ಇಂತಹುದೇ: ಪ್ರಾಣಿಯನ್ನು ಕೊಲ್ಲುವುದಕ್ಕಿಂತ ಸದ್ದಿನಿಂದ ಬೆದರಿಸಿ ದೂರ ಅಟ್ಟುವುದು.

ಕಾನೂನಿನ ಚೌಕಟ್ಟು

ಬಂದೂಕು ಪರವಾನಗಿಗೆ ಆಧಾರವಾದುದು 1959ರ ಆಯುಧ ಕಾಯಿದೆ. ಇದರ 13ನೇ ಪ್ರಕರಣವು ನಿಜವಾದ ಬೆಳೆ ರಕ್ಷಣೆಗಾಗಿ, ಮೂತಿಯಿಂದ ಮದ್ದು ತುಂಬುವ ಕೋವಿಗೆ ಪರವಾನಗಿ ನೀಡಲು ಅವಕಾಶ ಕಲ್ಪಿಸುತ್ತದೆ. ಅಂತಹ ಕೋವಿಯು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ, ಕನಿಷ್ಠ 20 ಅಂಗುಲ ಉದ್ದದ ನಳಿಗೆಯುಳ್ಳ, ಒಳಮೈ ನುಣುಪಾದ ಬೇರೆ ಕೋವಿಗೂ ಪರವಾನಗಿ ಕೊಡಬಹುದು. ರೈಫಲ್ ಬೇಕೆನ್ನುವವರು ಅದಕ್ಕೆ ತಕ್ಕ ಕಾರಣವನ್ನು ತೋರಿಸಬೇಕಾಗುತ್ತದೆ. ಅರ್ಜಿದಾರರಿಗೆ 21 ವರ್ಷ ತುಂಬಿರಬೇಕು. ಪೊಲೀಸ್ ವರದಿಯನ್ನು ಪರಿಶೀಲಿಸಿ ಜಿಲ್ಲಾ ದಂಡಾಧಿಕಾರಿಗಳು, ಪೊಲೀಸ್ ಕಮಿಷನರೇಟ್ ವ್ಯಾಪ್ತಿಯಲ್ಲಾದರೆ ಕಮಿಷನರ್, ಪರವಾನಗಿ ನೀಡುತ್ತಾರೆ. 2019ರ ತಿದ್ದುಪಡಿಯು ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳ ಸಂಖ್ಯೆಯನ್ನು 3ರಿಂದ 2ಕ್ಕೆ ಇಳಿಸಿತು. ಪರವಾನಗಿಯ ಅವಧಿಯನ್ನು 3 ವರ್ಷಗಳಿಂದ 5 ವರ್ಷಗಳಿಗೆ ಏರಿಸಿತು.

ನೆರೆಯ ಕೊಡಗಿನ ಸ್ಥಿತಿ ಭಿನ್ನವಾದುದು. ಅಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿಯಿದ್ದು, 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಲಾಗಿದೆ. ದಕ್ಷಿಣ ಕನ್ನಡದ ಕೃಷಿಕರಿಗೆ ಈ ವಿನಾಯಿತಿ ಅನ್ವಯಿಸುವುದಿಲ್ಲ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ 34ನೇ ಪ್ರಕರಣದ ಪ್ರಕಾರ ಅಭಯಾರಣ್ಯದಿಂದ 10 ಕಿ.ಮೀ. ಒಳಗೆ ವಾಸಿಸುವ ಪರವಾನಗಿದಾರರು ತಮ್ಮ ಹೆಸರನ್ನು ಅರಣ್ಯ ಇಲಾಖೆಯಲ್ಲಿ ನೋಂದಾಯಿಸಬೇಕು. ಈ ವ್ಯಾಪ್ತಿಯಲ್ಲಿ ಹೊಸ ಪರವಾನಗಿಗೆ ಮುಖ್ಯ ವನ್ಯಜೀವಿ ಪರಿಪಾಲಕರ ಪೂರ್ವಸಮ್ಮತಿ ಬೇಕು. ರಾಷ್ಟ್ರೀಯ ಉದ್ಯಾನಗಳಿಗೂ ಇದು ಅನ್ವಯಿಸುವುದರಿಂದ, ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕೆ ಸಮೀಪದ ಗ್ರಾಮಗಳ ಕೃಷಿಕರಿಗೆ ಈ ನಿಯಮ ಮಹತ್ವದ್ದಾಗಿದೆ.

ಪರವಾನಗಿ ಮತ್ತು ಕೊಲ್ಲುವ ಅನುಮತಿ

ಕೋವಿಯ ಪರವಾನಗಿಯು ಪ್ರಾಣಿಯನ್ನು ಕೊಲ್ಲುವ ಅನುಮತಿಯಲ್ಲ. ಇವೆರಡೂ ಬೇರೆ ಬೇರೆ ಕಾಯಿದೆಗಳಿಗೆ ಸೇರಿದವು. 2022ರ ತಿದ್ದುಪಡಿಯ ನಂತರ ಕಾಡುಹಂದಿಯು ವನ್ಯಜೀವಿ ಕಾಯಿದೆಯ 2ನೇ ಅನುಸೂಚಿಯಲ್ಲಿದೆ. ಅದು ಬೆಳೆಗೆ ಅಪಾಯಕಾರಿಯಾದಾಗ 11ನೇ ಪ್ರಕರಣದಡಿ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರಿಂದ ಅಧಿಕಾರ ಪಡೆದವರು ಲಿಖಿತ ಆದೇಶದ ಮೂಲಕ ಬೇಟೆಗೆ ಅನುಮತಿ ನೀಡಬಹುದು. ಆನೆ, ಕಾಟಿ ಮತ್ತು ನವಿಲುಗಳು 1ನೇ ಅನುಸೂಚಿಯಲ್ಲಿರುವುದರಿಂದ ಬೆಳೆಹಾನಿಯ ಕಾರಣಕ್ಕೆ ಅವುಗಳನ್ನು ಕೊಲ್ಲುವಂತಿಲ್ಲ. ಕೊಂದ ವನ್ಯಪ್ರಾಣಿಯು 39ನೇ ಪ್ರಕರಣದಂತೆ ಸರ್ಕಾರದ ಸೊತ್ತು. ಅದರ ಮಾಂಸವನ್ನು ಹಂಚಿಕೊಳ್ಳುವುದು ಅಪರಾಧವಾಗುತ್ತದೆ.

ಕಾಸರಗೋಡನ್ನೊಳಗೊಂಡ ಕೇರಳದಲ್ಲಿ 2022ರಿಂದ ಕಾಡುಹಂದಿಯನ್ನು ಕೊಲ್ಲಲು ಆದೇಶಿಸುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರಿಗೆ ನೀಡಲಾಗಿದೆ.

ವಿಧಗಳು

ಕೇಪಿನ ಕೋವಿ: ನಳಿಗೆಯ ಮೂತಿಯಿಂದ ಮದ್ದು ಹಾಗೂ ಚರೆಗಳನ್ನು ಹಾಕಿ, ಗಜದಿಂದ ಜಡಿದು, ಹಿಂಬದಿಯಲ್ಲಿ ಕೇಪು ಇಟ್ಟು ಹಾರಿಸುವ ಬಂದೂಕು. ಒಂದು ಈಡು ಹಾರಿಸಿದ ಮೇಲೆ ಮತ್ತೆ ತುಂಬಲು ಸಮಯ ಬೇಕು. ಮಳೆಗಾಲದಲ್ಲಿ ಮದ್ದು ತೇವಗೊಂಡರೆ ಈಡು ಹಾರುವುದಿಲ್ಲ.

ತೋಟಾ ಕೋವಿ: ನಳಿಗೆಯನ್ನು ಹಿಂಬದಿಯಲ್ಲಿ ಮಡಚಿ ತೋಟಾ ತುಂಬುವ ಬಂದೂಕು. ಇದರಲ್ಲಿ ಒಂಟಿ ನಳಿಗೆ ಮತ್ತು ಜೋಡು ನಳಿಗೆ ಎಂಬ ಎರಡು ಬಗೆಗಳಿವೆ. ಹೆಚ್ಚು ಬಳಕೆಯಲ್ಲಿರುವುದು 12 ಬೋರಿನದು. ಇದರ ನಳಿಗೆಯ ಒಳವ್ಯಾಸ ಸುಮಾರು 18.5 ಮಿ.ಮೀ.

ಬೋಲ್ಟ್ ರೈಫಲ್: ಕೈಯಿಂದ ಬೋಲ್ಟನ್ನು ಹಿಂದೆಮುಂದೆ ಸರಿಸಿ ಗುಂಡು ತುಂಬುವ ಬಂದೂಕು. ಪಶ್ಚಿಮ ಬಂಗಾಳದ ಇಶಾಪುರದ ರೈಫಲ್ ಕಾರ್ಖಾನೆಯು ನಾಗರಿಕರಿಗಾಗಿ ತಯಾರಿಸುವ .315 ರೈಫಲ್ ಈ ಬಗೆಯದು.

ಆಯ್ಕೆ

ಘಟ್ಟದ ಬುಡದ ತೋಟಗಳಲ್ಲಿ ಗಿಡಮರಗಳ ದಟ್ಟಣೆಯಿಂದಾಗಿ ದೂರದವರೆಗೆ ಕಾಣುವುದಿಲ್ಲ. ಕಯೋಟಿ ಬೇಟೆ ನಡೆಯುವ ವಿಶಾಲ ಹುಲ್ಲುಗಾವಲಿನಲ್ಲಿ ದೂರಕ್ಕೆ ನೇರವಾಗಿ ಹೋಗುವ ರೈಫಲ್ ಗುಂಡು ಪ್ರಯೋಜನಕಾರಿ. ಆದರೆ ಅಂತಹ ಗುಂಡು ಒಂದು ಕಿಲೋಮೀಟರಿಗೂ ಮೀರಿ ಸಾಗಬಲ್ಲದಾದ್ದರಿಂದ, ತೋಟದಾಚೆಯೇ ಮನೆ ಮತ್ತು ರಸ್ತೆಗಳಿರುವ ಇಲ್ಲಿ ಅದು ಅಪಾಯಕಾರಿ. ಚರೆಯ ತೋಟಾ ಸುಮಾರು 35–40 ಮೀಟರ್ ಒಳಗೆ ಪರಿಣಾಮಕಾರಿಯಾಗಿದ್ದು, ಬೇಗನೆ ವೇಗ ಕಳೆದುಕೊಳ್ಳುತ್ತದೆ.

ಏರುತಗ್ಗಿನ ದಾರಿಯಲ್ಲಿ ಹೊತ್ತು ನಡೆಯಲು ಹಗುರವಾದ ಒಂಟಿ ನಳಿಗೆಯ ಕೋವಿ ಅನುಕೂಲಕರ. ಆದರೆ ಕೋವಿಯು ಹಗುರವಾದಷ್ಟೂ ಈಡು ಹಾರುವಾಗ ಹೆಗಲಿಗೆ ಬೀಳುವ ಒದೆತ ಹೆಚ್ಚು. ಜೋಡು ನಳಿಗೆಯ ಕೋವಿ ತೂಕವಾಗಿದ್ದರೂ ಎರಡನೆಯ ಈಡು ಕೂಡಲೇ ದೊರೆಯುತ್ತದೆ.

ಮಾರ್ಪಾಡು ಮತ್ತು ಪಾಲನೆ

ಹೆಗಲಿಗೆ ತೂಗುಹಾಕುವ ಪಟ್ಟಿ, ಒದೆತ ತಗ್ಗಿಸುವ ರಬ್ಬರಿನ ಮೆತ್ತೆ, ಗುರಿ ಹಿಡಿಯಲು ನಳಿಗೆಯ ತುದಿಯಲ್ಲಿರುವ ಮಣಿಯ ಬದಲಾವಣೆ ಮುಂತಾದವು ಸಣ್ಣ ಮಾರ್ಪಾಡುಗಳು. ದುರಸ್ತಿಯನ್ನು ಪರವಾನಗಿಯುಳ್ಳ ಬಂದೂಕು ಅಂಗಡಿಯಲ್ಲೇ ಮಾಡಿಸಬೇಕು. ಹಗುರಗೊಳಿಸಲೆಂದು ನಳಿಗೆಯನ್ನು ಅನುಮತಿಯಿಲ್ಲದೆ ಕತ್ತರಿಸುವುದನ್ನು ಆಯುಧ ಕಾಯಿದೆಯ 6ನೇ ಪ್ರಕರಣ ನಿಷೇಧಿಸುತ್ತದೆ. ಸದ್ದಡಗಿಸುವ ಸಾಧನವನ್ನೂ ಕಾನೂನು ಬಂದೂಕಿನಂತೆಯೇ ಪರಿಗಣಿಸುತ್ತದೆ.

ಚಾರ್ಮಾಡಿಯ ದೀರ್ಘ ಮಳೆಗಾಲದಲ್ಲಿ ಕಬ್ಬಿಣಕ್ಕೆ ತುಕ್ಕು ಬೇಗ ಹಿಡಿಯುತ್ತದೆ. ಕರಿಮದ್ದಿನ ಮಸಿಯು ತೇವವನ್ನು ಹೀರಿಕೊಳ್ಳುವುದರಿಂದ ಕೇಪಿನ ಕೋವಿಯನ್ನು ಬಳಸಿದ ದಿನವೇ ಬಿಸಿನೀರಿನಲ್ಲಿ ತೊಳೆದು, ಒಣಗಿಸಿ, ಎಣ್ಣೆ ಸವರಬೇಕು.

ಸುರಕ್ಷತೆ ಮತ್ತು ಸಮಸ್ಯೆಗಳು

ಕತ್ತಲೆಯಲ್ಲಿ ಪೊದೆಯ ಅಲುಗಾಟವನ್ನೇ ಹಂದಿಯೆಂದು ಭಾವಿಸಿ ಹಾರಿಸುವುದು ಮನುಷ್ಯರ ಸಾವಿಗೆ ಕಾರಣವಾಗಬಲ್ಲದು. ಗುರಿಯನ್ನೂ ಅದರ ಹಿಂದೇನಿದೆ ಎಂಬುದನ್ನೂ ಸ್ಪಷ್ಟವಾಗಿ ಕಾಣದೆ ಹಾರಿಸಬಾರದು. ಬೇಲಿ ದಾಟುವಾಗ ಮತ್ತು ಮನೆಯೊಳಗೆ ತರುವಾಗ ಕೋವಿ ಖಾಲಿಯಾಗಿರಬೇಕು. ತೋಟಾಗಳನ್ನು ಬೇರೆಡೆ ಬೀಗ ಹಾಕಿ ಇಡಬೇಕು.

ಚುನಾವಣೆಯ ವೇಳೆ ಕೋವಿಗಳನ್ನು ಠಾಣೆಯಲ್ಲಿ ಠೇವಣಿ ಇಡಬೇಕಾಗಿ ಬರುವುದು ಕೃಷಿಕರ ಒಂದು ಅಹವಾಲು. ಆ ವಾರಗಳಲ್ಲಿ ಬೆಳೆಗೆ ಕಾವಲಿಲ್ಲದಂತಾಗುತ್ತದೆ ಎಂಬುದು ಅವರ ವಾದ. ಪರವಾನಗಿ ದೊರೆಯದವರು ಉರುಳು ಹಾಕುವುದು, ಬೇಲಿಗೆ ನೇರವಾಗಿ ವಿದ್ಯುತ್ ಹರಿಸುವುದು ಕಾನೂನುಬಾಹಿರವಷ್ಟೇ ಅಲ್ಲದೆ ಜನ, ಜಾನುವಾರು ಮತ್ತು ಆನೆಗಳಿಗೂ ಮಾರಕ. ನಿಗದಿತ ಮಾನದಂಡದ ಸೌರಬೇಲಿ, ಕಂದಕ ಮತ್ತು ಸಾಮೂಹಿಕ ಕಾವಲು ಕೋವಿಯಿಲ್ಲದೆ ಬೆಳೆ ಉಳಿಸಿಕೊಳ್ಳುವ ಇತರ ಮಾರ್ಗಗಳಾಗಿವೆ.