ಜಾಲಿಮುಳ್ಳಿನ ಸೀಮೆಯ ಕೆರ

ಹೂವಿನಹಡಗಲಿಯ ಪಡುವಲ ಅಂಚಿನಲ್ಲಿ ತುಂಗಭದ್ರೆ ಹರಿಯುತ್ತಾಳೆ. ಅಲ್ಲಿಂದ ಮೂಡಲಿಗೆ ಹೊರಟು ಹಗರಿಬೊಮ್ಮನಹಳ್ಳಿ, ಕೊಟ್ಟೂರು ದಾಟಿ ಕೂಡ್ಲಿಗಿ ಸೇರುವಷ್ಟರಲ್ಲಿ ಎರೆಹೊಲ ಹಿಂದೆ ಬಿದ್ದು ಕೆಂಪು ಮಸಾರಿ ಶುರುವಾಗಿರುತ್ತದೆ. ಗುಡೇಕೋಟೆ ಕಡೆ ಹೋದರೆ ಕರಡಿಗಳು ಬೀಡುಬಿಟ್ಟ ಬಂಡೆಗುಡ್ಡಗಳು. ತೆಂಕಣ ದಿಕ್ಕಿಗೆ ಹರಪನಹಳ್ಳಿ. ಮಳೆ ಕಡಿಮೆ, ಬಿಸಿಲು ಜಾಸ್ತಿ. ಬೀಳುಬಿದ್ದ ನೆಲದಲ್ಲೆಲ್ಲ ಜಾಲಿ, ಕಾರೆ, ಬೋರೆ. ಕೊಯ್ಲು ಮುಗಿದ ಹೊಲದಲ್ಲಿ ಜೋಳದ ಕೂಳೆ, ಬದುವಿನಲ್ಲಿ ನೆಗ್ಗಿಲಮುಳ್ಳು, ದಾರಿಯಲ್ಲಿ ಕಾದ ಹರಳು. ಇಂಥ ನೆಲದಲ್ಲಿ ಉಳುವವನಿಗೂ ಕುರಿ ಕಾಯುವವನಿಗೂ ನೇಗಿಲು, ಕುಡುಗೋಲುಗಳಷ್ಟೇ ಅಗತ್ಯದ ಇನ್ನೊಂದು ಸಲಕರಣೆ ಇತ್ತು: ತೊಗಲಿನ ಕೆರ.

ಈ ಸೀಮೆಯ ಮೇಲೆ ಗೆರೆ ಎಳೆದವರು ಬಹಳ. 1800ರಲ್ಲಿ ಹೈದರಾಬಾದಿನ ನಿಜಾಮ ಬಳ್ಳಾರಿ ಭಾಗವನ್ನು ಕಂಪನಿ ಸರ್ಕಾರಕ್ಕೆ ಬಿಟ್ಟುಕೊಟ್ಟ. ಥಾಮಸ್ ಮನ್ರೋ ಕಲೆಕ್ಟರನಾಗಿ ಬಂದ. ಒಂದೂವರೆ ಶತಮಾನ ಮದ್ರಾಸಿನ ಆಡಳಿತ ನಡೆದು, 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. 1997ರಲ್ಲಿ ಹರಪನಹಳ್ಳಿ ದಾವಣಗೆರೆ ಜಿಲ್ಲೆಗೆ ಹೋಯಿತು, ಮುಂದೆ ಬಳ್ಳಾರಿಗೆ ಮರಳಿತು. 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ಈ ಐದೂ ತಾಲ್ಲೂಕುಗಳು ಆ ಹೊಸ ಜಿಲ್ಲೆಯೊಳಗೆ ಬಂದವು.

ಒಂದೊಂದು ಊರಿಗೂ ಅದರದೇ ಹೆಸರುವಾಸಿ ಇದೆ. ಹರಪನಹಳ್ಳಿ ಬೇಡ ಪಾಳೆಯಗಾರರ ರಾಜಧಾನಿ. 18ನೆಯ ಶತಮಾನದ ಮಾಯಕೊಂಡದ ಕಾಳಗದಲ್ಲಿ ಚಿತ್ರದುರ್ಗದವರನ್ನು ಎದುರಿಸಿದ ಊರು. ಕೊಟ್ಟೂರು ಗುರು ಕೊಟ್ಟೂರೇಶ್ವರನದು. ಹಡಗಲಿ ಮಲ್ಲಿಗೆಯದು, ಅದರ ತಾಲ್ಲೂಕಿನ ಮೈಲಾರ ಕಾರಣಿಕವೆಂಬ ಭವಿಷ್ಯವಾಣಿಯದು. ಕೂಡ್ಲಿಗಿಯಲ್ಲಿ ಗಾಂಧೀಜಿಯ ಚಿತಾಭಸ್ಮವಿರುವ ಸ್ಮಾರಕವಿದೆ. ಹಗರಿಬೊಮ್ಮನಹಳ್ಳಿ ತುಂಗಭದ್ರಾ ಅಣೆಕಟ್ಟಿನ ಹಿನ್ನೀರಿನಲ್ಲಿ ಹಲವು ಹಳ್ಳಿಗಳು ಮುಳುಗಿದ ಮೇಲೆ ಸುತ್ತಲಿನ ವ್ಯಾಪಾರ ಕೂಡಿಕೊಂಡು ಬೆಳೆದ ಪೇಟೆ. ಇವೆಲ್ಲ ಪುಸ್ತಕದಲ್ಲಿವೆ, ಶಾಸನದಲ್ಲಿವೆ. ಪಾಳೆಯಗಾರನ ದಂಡಿಗೆ ಜೀನು, ಲಗಾಮು, ಕತ್ತಿಯ ಒರೆ, ನಗಾರಿ ಒದಗಿಸಿದ ಕೈಗಳ ವಿಷಯ ಬಂದಾಗ ಮಾತ್ರ ಪುಸ್ತಕಗಳು ಒಂದೆರಡು ಸಾಲಿಗೆ ಮುಗಿಯುತ್ತವೆ.

ಕೇರಿ, ಆಯ, ತಂಗಡಿ

ಹಳ್ಳಿಗಳಲ್ಲಿ ತೊಗಲಿನ ಕೆಲಸ ಮಾದಿಗ ಸಮುದಾಯದ್ದಾಗಿತ್ತು. ಪೇಟೆಗಳಲ್ಲಿ ಸಮಗಾರರು, ಮೋಚಿಗಳು ಅಂಗಡಿ ಹಾಕಿ ಹೊಲಿದರು. ಊರಿನಿಂದ ತುಸು ದೂರ, ಹಳ್ಳದ ದಂಡೆಯಲ್ಲಿ ಕೇರಿ, ಅದರ ಮಗ್ಗುಲಲ್ಲಿ ತೊಗಲು ಹದ ಮಾಡುವ ತೊಟ್ಟಿ. ಕೆರಗಳಷ್ಟೇ ಅಲ್ಲಿ ತಯಾರಾಗುತ್ತಿರಲಿಲ್ಲ. ಬಾವಿಯಿಂದ ನೀರೆತ್ತುವ ಕಪಿಲೆಯ ಬಾನಿ, ಎತ್ತಿನ ಮಿಣಿ, ಕೊರಳಪಟ್ಟಿ, ಬಾರುಕೋಲು, ಹಲಗೆ, ತಮಟೆ ಎಲ್ಲವೂ ಅದೇ ಕೇರಿಯಿಂದ ಬರಬೇಕು. ಕಪಿಲೆಯ ಬಾನಿ ಹರಿದರೆ ತೋಟಕ್ಕೆ ನೀರಿಲ್ಲ. ಆದ್ದರಿಂದ ಬೇಸಾಯಗಾರನೂ ತೊಗಲಿನ ಕೆಲಸದವನೂ ವರ್ಷವಿಡೀ ಒಬ್ಬರಿಗೊಬ್ಬರು ಕಟ್ಟುಬಿದ್ದಿದ್ದರು. ಸುಗ್ಗಿಯಲ್ಲಿ ಕಣದ ಹತ್ತಿರ ಹೋದಾಗ ಸಿಗುವ ಜೋಳ, ಸಜ್ಜೆ, ನವಣೆಯೇ ಕೂಲಿ, ಅದೇ ಆಯ. ಅಳತೆ ಯಾವಾಗಲೂ ಕೊಡುವವನ ಕೈಯಲ್ಲೇ ಇತ್ತು.

ತೊಗಲು ಬರುತ್ತಿದ್ದದ್ದು ಸತ್ತ ದನ, ಎಮ್ಮೆಗಳಿಂದ. ಸುಲಿದ ತೊಗಲನ್ನು ಮೊದಲು ತೊಳೆದು ಸುಣ್ಣದ ನೀರಿನಲ್ಲಿ ಹಲವು ದಿನ ನೆನೆಹಾಕುತ್ತಿದ್ದರು. ಕೂದಲ ಬೇರು ಸಡಿಲವಾದ ಮೇಲೆ ಕೂದಲನ್ನೂ ಒಳಮೈಯ ಮಾಂಸವನ್ನೂ ಹೆರೆದು ತೆಗೆಯುತ್ತಿದ್ದರು. ಸುಣ್ಣ ಹೋಗುವ ತನಕ ತೊಳೆದು, ಆಮೇಲೆ ತೊಗಟೆಯ ರಸಕ್ಕೆ ಇಳಿಸುವುದು. ಈ ಸೀಮೆಯ ಬೀಳುಗಳಲ್ಲಿ ಹಳದಿ ಹೂ ಬಿಡುವ ತಂಗಡಿ ಯಥೇಚ್ಛ. ಅದರ ತೊಗಟೆ, ಜಾಲಿಯ ತೊಗಟೆ, ಅಳಲೆಕಾಯಿ ಮೂರರಲ್ಲೂ ಒಗರು ತುಂಬಿದೆ. ಆ ಒಗರು ತೊಗಲಿನ ನಾರುಗಳಿಗೆ ಹಿಡಿದರೆ ತೊಗಲು ಕೊಳೆಯುವುದಿಲ್ಲ, ಒದ್ದೆಯಾಗಿ ಒಣಗಿದರೂ ಮರದಂತೆ ಸೆಟೆಯುವುದಿಲ್ಲ. ತೊಗಲನ್ನೇ ಚೀಲವಾಗಿ ಹೊಲಿದು, ತೂಗುಹಾಕಿ, ಒಳಗೆ ತೊಗಟೆಯನ್ನೂ ನೀರನ್ನೂ ತುಂಬಿ ಜಿನುಗಲು ಬಿಡುವ ಪದ್ಧತಿಯೂ ಇತ್ತು. ರಸ ಮೆಲ್ಲಗೆ ಹಾದುಹೋಗುತ್ತ ಒಳಗಿನಿಂದ ಹೊರಗಿನ ತನಕ ಹದ ಹಿಡಿಯುತ್ತದೆ. ವಾರಗಟ್ಟಲೆ ಹಿಡಿಯುವ ಕೆಲಸ ಇದು.

ಮದ್ರಾಸ್ ಪ್ರಾಂತ್ಯದ ಅರ್ಧ ಹದ ಮಾಡಿದ ತೊಗಲು ಲಂಡನ್ನಿನ ಪೇಟೆಯಲ್ಲಿ ಮಾನ ಪಡೆದದ್ದು ಇದೇ ತಂಗಡಿಯ ಬಲದಿಂದ. ಆ ವ್ಯಾಪಾರಕ್ಕೆ ಒಂದು ಕರಾಳ ಮುಖವೂ ಇದೆ. 1876ರಿಂದ 1878ರ ತನಕ ಬಿದ್ದ ಧಾತು ಬರ ಬಳ್ಳಾರಿ ಸೀಮೆಯನ್ನು ಬರಿದು ಮಾಡಿತು. ಮೇವಿಲ್ಲದೆ ದನಗಳು ಸಾಲುಸಾಲಾಗಿ ಬಿದ್ದವು, ಆ ವರ್ಷಗಳಲ್ಲಿ ಮದ್ರಾಸಿನಿಂದ ತೊಗಲಿನ ರಫ್ತು ಏರಿತು. 1905ರಲ್ಲಿ ಹೊಸಪೇಟೆಯಿಂದ ಕೊಟ್ಟೂರಿಗೆ ರೈಲು ಹಾದಿ ಬಂದ ಮೇಲೆ ಈ ಒಳಸೀಮೆಯ ಸರಕು ಹೊರಗೆ ಹೋಗುವುದೂ ಹೊರಗಿನದು ಒಳಗೆ ಬರುವುದೂ ಸಲೀಸಾಯಿತು. ಹಸಿ ತೊಗಲಿಗೆ ಪೇಟೆಯಲ್ಲಿ ರೊಕ್ಕ ಸಿಗತೊಡಗಿದಾಗ ಕೇರಿಯ ತೊಟ್ಟಿಗಳು ಒಂದೊಂದಾಗಿ ಒಣಗಿದವು. ಹದ ಮಾಡಿದ ತೊಗಲು ಕಾರ್ಖಾನೆಯಿಂದ ಬಂತು. ಹೊಲಿಯುವವರು ಅದನ್ನು ಕೊಂಡು ತರಬೇಕಾಯಿತು.

ಅಟ್ಟೆ ಮತ್ತು ಬಾರು

ಕೆರದ ಜೀವ ಅಂಗಾಲಿನ ಕೆಳಗಿನ ಅಟ್ಟೆಯಲ್ಲಿದೆ. ಎಮ್ಮೆ, ಕೋಣದ ಬೆನ್ನಿನ ತೊಗಲು ದಪ್ಪ, ನಾರು ಬಿಗಿ, ಅದು ಅಟ್ಟೆಗೆ. ಹೊಟ್ಟೆಯ ಭಾಗ ಹಿಗ್ಗುತ್ತದೆ, ಅದನ್ನು ನಡುವಿನ ಪದರಕ್ಕೆ ಹಾಕಬಹುದು. ಪಟ್ಟಿಗೆ, ಉಂಗುಟಕ್ಕೆ ಮೆತ್ತಗಿನ ತೊಗಲು. ಕಾಲನ್ನು ತೊಗಲಿನ ಮೇಲಿಟ್ಟು ಸುತ್ತ ಗೆರೆ ಎಳೆದು, ರಂಪಿಗೆಯಿಂದ ಕೊಯ್ದು, ನೀರಿನಲ್ಲಿ ನೆನೆಸಿ, ಕಲ್ಲಿನ ಮೇಲಿಟ್ಟು ಬಡಿಯುತ್ತಾರೆ. ಬಡಿದಷ್ಟೂ ನಾರು ಒತ್ತಾಗಿ ಅಟ್ಟೆ ಗಟ್ಟಿಯಾಗುತ್ತದೆ, ಬೇಗ ಸವೆಯುವುದಿಲ್ಲ. ಎರಡು ಮೂರು ಪದರ ಒಂದರ ಮೇಲೊಂದಿಟ್ಟು, ಜರುಗದಂತೆ ಹುಣಸೆಬೀಜದ ಅಂಟೋ ಹಿಟ್ಟಿನ ಸರಿಯೋ ಸವರುತ್ತಿದ್ದರು. ಆ ಅಂಟು ಹೊಲಿಗೆ ಮುಗಿಯುವ ತನಕ ಹಿಡಿದಿದ್ದರೆ ಸಾಕು. ನಿಜವಾಗಿ ಹಿಡಿಯಬೇಕಾದದ್ದು ತೊಗಲಿನ ಬಾರು. ಆರಿಯಿಂದ ತೂತು ಮಾಡಿ, ಒದ್ದೆ ಬಾರನ್ನು ಪೋಣಿಸಿ ಎಳೆದರೆ ಅದು ಒಣಗುತ್ತ ಬಿಗಿಯುತ್ತದೆ. ಹೊಸ ಕೆರ ಕಾಲು ಕಚ್ಚುತ್ತದೆ. ಹರಳೆಣ್ಣೆ ಸವರಿ ನಾಲ್ಕು ದಿನ ಮೆಟ್ಟಿದರೆ ಕಾಲಿಗೆ ಒಗ್ಗುತ್ತದೆ. ನಡೆಯುವಾಗ ಪದರಗಳು ಒಂದಕ್ಕೊಂದು ತಿಕ್ಕಿ ಜೀರ್ ಎನ್ನುವ ಕೆರಕ್ಕೆ ಹುಡುಗರಲ್ಲಿ ಬೇಡಿಕೆ ಹೆಚ್ಚಿತ್ತು. ಕುರಿಗಾಹಿಗಳಿಗೆ ಬೇಕಾದದ್ದು ಬೇರೆ: ಭಾರವಾದರೂ ಸರಿ, ಜಾಲಿಮುಳ್ಳು ಮೇಲೆ ಬರಬಾರದು.

ಲಾರಿಗಳು ಬಂದ ಮೇಲೆ ಈ ಬೇಡಿಕೆಗೆ ಹೊಸ ಉತ್ತರ ಸಿಕ್ಕಿತು. ಕೂಡ್ಲಿಗಿಯ ಮೂಲಕ ಹಾದುಹೋಗುವ ಚಿತ್ರದುರ್ಗ–ಸೊಲ್ಲಾಪುರ ಹೆದ್ದಾರಿ, ಪಕ್ಕದ ಸಂಡೂರಿನ ಗಣಿ: ಸವೆದ ಟೈರಿಗೆ ಕೊರತೆಯಿಲ್ಲ. ರಂಪಿಗೆಗೆ ನೀರು ಹಚ್ಚಿಕೊಂಡು ಟೈರನ್ನು ಪದರವಾಗಿ ಸೀಳಿ ಅಟ್ಟೆ ಮಾಡುವುದು ಕಲಿತರು. ಮೇಲೆ ತೊಗಲು, ಕೆಳಗೆ ಟೈರು, ನಡುವೆ ಮೊಳೆ. ತೊಗಲಿನ ಅಟ್ಟೆ ಮಳೆಯಲ್ಲಿ ನೆನೆದರೆ ಉಬ್ಬಿ ಕೆಡುತ್ತದೆ. ಟೈರಿಗೆ ಆ ಚಿಂತೆ ಇಲ್ಲ.

ಇನ್ನೊಂದು ದೊಡ್ಡ ಬದಲಾವಣೆ ಡಬ್ಬದಲ್ಲಿ ಬಂತು. ಹೊಲಿಯುವವರು ಅದನ್ನು ಸಲ್ಯೂಷನ್ ಎನ್ನುತ್ತಾರೆ. ರಬ್ಬರನ್ನು ಟಾಲ್ವಿನ್‌ನಂಥ ದ್ರಾವಕದಲ್ಲಿ ಕರಗಿಸಿದ ಅಂಟು. ಅದನ್ನು ಬಳಸುವುದಕ್ಕೂ ಕೈಹದ ಬೇಕು. ಅಟ್ಟೆಯ ಮೈಯನ್ನು ಅರದಿಂದ ಉಜ್ಜಿ ಒರಟು ಮಾಡಬೇಕು, ಧೂಳು ಒರೆಸಬೇಕು. ಎಣ್ಣೆ ಕುಡಿದ ತೊಗಲಿಗೆ ಅಂಟು ಹಿಡಿಯುವುದಿಲ್ಲ. ಎರಡೂ ಮೈಗೆ ತೆಳ್ಳಗೆ ಹಚ್ಚಿ, ದ್ರಾವಕ ಆರಿ ಬೆರಳಿಗೆ ಅಂಟಿಯೂ ಅಂಟದ ಹದಕ್ಕೆ ಬರುವ ತನಕ ಕಾಯಬೇಕು. ಅವಸರಪಟ್ಟು ಹಸಿಯಾಗಿಯೇ ಜೋಡಿಸಿದರೆ ದ್ರಾವಕ ಒಳಗೇ ಸಿಕ್ಕಿಬಿದ್ದು ಅಟ್ಟೆ ವಾರದಲ್ಲಿ ಬಾಯಿ ಬಿಡುತ್ತದೆ. ಒಮ್ಮೆ ತಾಗಿದರೆ ಸರಿಸಲಿಕ್ಕಾಗದು, ಆದ್ದರಿಂದ ಮೊದಲ ಸಲವೇ ನೇರ ಕೂಡಿಸಬೇಕು. ನಡುವಿನಿಂದ ಅಂಚಿನ ಕಡೆಗೆ ಬಡಿಯುತ್ತ ಬಂದರೆ ಒಳಗೆ ಗಾಳಿ ಉಳಿಯುವುದಿಲ್ಲ. ಒಂದು ರಾತ್ರಿ ಭಾರ ಹೇರಿ ಇಡಬೇಕು. ಪಿವಿಸಿ ಅಟ್ಟೆಗೆ ಈ ಅಂಟು ನಿಲ್ಲುವುದಿಲ್ಲ, ಆ ಪ್ಲಾಸ್ಟಿಕ್ಕಿನಿಂದ ಹೊರಬರುವ ಎಣ್ಣೆಯಂಥ ವಸ್ತು ಅಂಟನ್ನು ಮೆತ್ತಗಾಗಿಸುತ್ತದೆ. ಅದಕ್ಕೆ ಪಾಲಿಯುರಿಥೇನ್ ಅಂಟೇ ಆಗಬೇಕು. ಜಗ್ಗುವ ಜಾಗಗಳಲ್ಲಿ, ಅಂದರೆ ಉಂಗುಟ, ಪಟ್ಟಿಯ ಬುಡ, ಹಿಮ್ಮಡಿಯ ಅಂಚುಗಳಲ್ಲಿ, ಅಂಟಿನ ಮೇಲೆ ಹೊಲಿಗೆಯೂ ಬಿದ್ದರೆ ಕೆರ ಬಾಳುತ್ತದೆ.

ಸಲ್ಯೂಷನ್ ಕೆಲಸವನ್ನು ಬೇಗ ಮಾಡಿತು, ದರವನ್ನು ಇಳಿಸಿತು. ಅದರ ಆವಿ ಮಾತ್ರ ಕೆಲಸದವರ ಮೈಗೆ ಹೋಗುತ್ತದೆ. ಈ ದ್ರಾವಕಗಳು ನರಗಳಿಗೆ ಕೇಡು, ತಲೆಸುತ್ತು ತರುತ್ತವೆ, ಬೆಂಕಿಯನ್ನೂ ಬೇಗ ಹಿಡಿಯುತ್ತವೆ. ಕಿಟಕಿಯಿಲ್ಲದ ಕೋಣೆಯಲ್ಲಿ, ಮಕ್ಕಳು ಮಲಗುವ ಜಾಗದಲ್ಲಿ ಡಬ್ಬ ತೆರೆಯಬಾರದು.

ಜಾತ್ರೆಯ ಪೇಟೆ

ಈ ಸೀಮೆಯಲ್ಲಿ ವ್ಯಾಪಾರದ ಪಂಚಾಂಗ ಜಾತ್ರೆಗಳದು. ಭರತ ಹುಣ್ಣಿಮೆಯ ಹೊತ್ತಿಗೆ ಮೈಲಾರದಲ್ಲಿ ಗೊರವಯ್ಯ ಬಿಲ್ಲನ್ನೇರಿ ಕಾರಣಿಕ ನುಡಿಯುತ್ತಾನೆ. ಬಂಡಿ ಕಟ್ಟಿಕೊಂಡು ಬರುವ ರೈತರಿಗೆ ಎತ್ತಿನ ಗೆಜ್ಜೆಪಟ್ಟಿಯೂ ಬೇಕು, ಬಾರುಕೋಲೂ ಬೇಕು. ಅದರ ಬೆನ್ನಿಗೇ ಮೂಲಾ ನಕ್ಷತ್ರದ ಗಳಿಗೆಯಲ್ಲಿ ಕೊಟ್ಟೂರಿನ ತೇರು. ದಾವಣಗೆರೆ, ಹೊಸಪೇಟೆ ಕಡೆಗಳಿಂದ ಭಕ್ತರು ಬರಿಗಾಲಲ್ಲೇ ನಡೆದು ಬರುತ್ತಾರೆ. ತೇರು ಹೊರಡುವ ಮುನ್ನ ಸ್ವಾಮಿಗೆ ದಲಿತ ಮಹಿಳೆಯರು ಆರತಿ ಬೆಳಗುವುದು ಇಲ್ಲಿನ ಪರಂಪರೆ. ಆ ದಿನ ಮೊದಲ ಆರತಿ ಯಾವ ಕೇರಿಯದೋ, ಉಳಿದ ದಿನ ಊರಿನ ಕೊನೆಯ ಜಾಗವೂ ಅದೇ ಕೇರಿಗೆ. ಕೆರ ಹೊಲಿದವನು ಅದನ್ನು ಮೆಟ್ಟಿಕೊಂಡು ಗೌಡರ ಮನೆ ಮುಂದೆ ಹಾಯುವಂತಿರಲಿಲ್ಲ, ಕೈಯಲ್ಲಿ ಹಿಡಿದು ದಾಟಬೇಕಿತ್ತು. ಮಾದಾರ ಚೆನ್ನಯ್ಯ, ಮಾದಾರ ಧೂಳಯ್ಯ, ಸಮಗಾರ ಹರಳಯ್ಯರನ್ನು ಶರಣರೆಂದು ಕೈಮುಗಿದ ನಾಡಿನಲ್ಲೇ ಇದೂ ನಡೆಯಿತು.

ಕೂಡ್ಲಿಗಿಯ ಸ್ಮಾರಕದ ಎದುರು ನಿಂತವರು ನೆನೆಯಬೇಕಾದ ಇನ್ನೊಂದು ಸಂಗತಿ ಇದೆ. ಗಾಂಧೀಜಿ ತಾವೇ ಕೆರ ಹೊಲಿಯುತ್ತಿದ್ದರು. ದಕ್ಷಿಣ ಆಫ್ರಿಕಾದಲ್ಲಿ ಗೆಳೆಯ ಕ್ಯಾಲನ್‌ಬಾಕ್ ಟ್ರಾಪಿಸ್ಟ್ ಸನ್ಯಾಸಿಗಳ ಮಠದಲ್ಲಿ ಈ ಕೆಲಸ ಕಲಿತು ಬಂದು ಟಾಲ್‌ಸ್ಟಾಯ್ ಫಾರ್ಮಿನಲ್ಲಿ ಅವರಿಗೆ ಕಲಿಸಿದ. 1914ರಲ್ಲಿ ಗಾಂಧೀಜಿ ತಮ್ಮನ್ನು ಜೈಲಿಗೆ ಹಾಕಿದ ಜನರಲ್ ಸ್ಮಟ್ಸ್‌ಗೆ ತಾವು ಹೊಲಿದ ಒಂದು ಜೊತೆಯನ್ನು ಕೊಟ್ಟರು. 1939ರಲ್ಲಿ ಸ್ಮಟ್ಸ್ ಅದನ್ನು ಗೌರವದಿಂದ ಹಿಂದಿರುಗಿಸಿದ. ಗಾಂಧೀಜಿ ಕೆರ ಹೊಲಿದಾಗ ಲೋಕ ತಲೆಬಾಗಿತು. ಕೂಡ್ಲಿಗಿಯ ಕೇರಿಯಲ್ಲಿ ಅದೇ ಕೆಲಸ ಮಾಡಿದವರಿಗೆ ಸಿಕ್ಕಿದ್ದು ಮುಟ್ಟಬಾರದವರೆಂಬ ಹಣೆಪಟ್ಟಿ.

ಹೀಗಿರುವಾಗ, ಮೊಮ್ಮಕ್ಕಳು ರಂಪಿಗೆ ಕೆಳಗಿಟ್ಟು ಶಾಲೆಗೋ ಬೆಂಗಳೂರಿಗೋ ಹೋದದ್ದನ್ನು ಕಸುಬಿನ ಅವಸಾನವೆಂದು ಮರುಗುವುದರಲ್ಲಿ ಅರ್ಥವಿಲ್ಲ. ಸತ್ತ ದನ ಹೊರಲು ಒಲ್ಲೆವೆಂದದ್ದು ಸ್ವಾಭಿಮಾನದ ತೀರ್ಮಾನ. ಅದಕ್ಕೆ ಜೊತೆಯಾಗಿ ಪಂಪ್‌ಸೆಟ್ಟು ಕಪಿಲೆಯನ್ನು ಮೂಲೆಗೆ ಸೇರಿಸಿತು, ಟ್ರ್ಯಾಕ್ಟರು ಮಿಣಿಯನ್ನು ಬೇಡವಾಗಿಸಿತು, ಹವಾಯಿ ಚಪ್ಪಲಿ ಸಂತೆಯನ್ನು ತುಂಬಿತು. ಇಷ್ಟಾದರೂ ಬಸ್‌ಸ್ಟ್ಯಾಂಡಿನ ಪಕ್ಕ ಕೊಡೆಯ ನೆರಳಲ್ಲಿ ಕುಳಿತು ಹೊಲಿಯುವವರು, ಕುರಿಗಾಹಿಗಳ ಕಾಲಿನ ಅಳತೆಗೆ ಕೆರ ಮಾಡಿಕೊಡುವವರು ಇದ್ದಾರೆ. ಅವರ ಮುಂದಿನ ಪ್ರಶ್ನೆ ದರದ್ದು, ಹೆಸರಿನದು.

ಹೆಸರಿಗೆ ಎಷ್ಟು ಬೆಲೆಯೆಂದು ಈ ಜಿಲ್ಲೆಗೇ ಗೊತ್ತಿದೆ. ಹಡಗಲಿ ಮಲ್ಲಿಗೆಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಅದೇ ಮಾನ್ಯತೆ ಬಂದಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡಗಳೂ ಸೇರಿದವು; ಹಕ್ಕಿನಲ್ಲಿ ನಮ್ಮ ರಾಜ್ಯದ ಚರ್ಮೋದ್ಯಮ ನಿಗಮವಾದ ಲಿಡ್ಕರ್ ಪಾಲುದಾರ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನಲ್ಲಿ ಅದೇ ಮಾದರಿಯ ಚಪ್ಪಲಿಯನ್ನು ಮೂಲದ ಹೆಸರೆತ್ತದೆ ಪ್ರದರ್ಶಿಸಿತು. ಟೀಕೆ ಎದ್ದಾಗ ಭಾರತದ ಕರಕುಶಲದ ಋಣವನ್ನು ಒಪ್ಪಿಕೊಂಡಿತು, ಡಿಸೆಂಬರ್‌ನಲ್ಲಿ ಎರಡೂ ರಾಜ್ಯಗಳ ಚರ್ಮೋದ್ಯಮ ನಿಗಮಗಳೊಡನೆ ಒಪ್ಪಂದಕ್ಕೆ ಬಂತು. ಹೆಸರು ದಾಖಲಾಗಿತ್ತು, ಕೇಳಲು ಹಕ್ಕಿತ್ತು. ತುಂಗಭದ್ರೆಯ ಈಚೆ ದಡದ ಕುರಿಗಾಹಿ ಕೆರವನ್ನು ನಾಳೆ ಯಾರಾದರೂ ನಕಲು ಮಾಡಿದರೆ ಕೇಳಲು ನಮ್ಮ ಬಳಿ ಕಾಗದವೇ ಇಲ್ಲ.

1976ರಲ್ಲಿ ಶುರುವಾದ ಲಿಡ್ಕರ್ ಮತ್ತು ವಿಜಯನಗರ ಜಿಲ್ಲಾಡಳಿತ ಮೊದಲು ಮಾಡಬೇಕಾದದ್ದು ಈ ಐದು ತಾಲ್ಲೂಕುಗಳಲ್ಲಿ ಇನ್ನೂ ಹೊಲಿಯುತ್ತಿರುವವರ ಮನೆ ಹುಡುಕಿ, ಅವರ ಅಟ್ಟೆ, ಬಾರು, ಹೊಲಿಗೆಯ ಬಗೆಗಳನ್ನು ದಾಖಲೆ ಮಾಡುವುದು. 2023ರ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಪಾದರಕ್ಷೆಯ ಕೆಲಸವೂ ಸೇರಿದೆ, ಸಲಕರಣೆಗೆ 15,000 ರೂಪಾಯಿ ನೆರವಿದೆ. ಕೇರಿಯ ತನಕ ಆ ಅರ್ಜಿ ತಲುಪಿಸುವುದು ಪಂಚಾಯಿತಿಗಳ ಕೆಲಸ. ಕಲಿಯಲು ಬರುವವರಿಗೆ ಜಾತಿಯ ಗೆರೆ ಬೇಡ. ಯಾವ ಕೇರಿಯ ಹುಡುಗಿ, ಹುಡುಗನಾದರೂ ಕಲಿಯಲಿ. ಕೊಳ್ಳುವ ನಮ್ಮದೂ ಒಂದು ಕೆಲಸವಿದೆ. ಮುಂದಿನ ಕೊಟ್ಟೂರು ಜಾತ್ರೆಗೆ ಹೋದಾಗ ಕೈಯಲ್ಲಿ ಹೊಲಿದ ಒಂದು ಜೊತೆ ಕೆರ ಕೊಳ್ಳಿ, ಅಟ್ಟೆಯ ಅಂಚಿನಲ್ಲಿ ಹೊಲಿಗೆ ಬಿದ್ದಿದೆಯೇ ನೋಡಿ, ಹೇಳಿದ ದರಕ್ಕೆ ಚೌಕಾಸಿ ಮಾಡದೆ ರೊಕ್ಕ ಕೊಡಿ.