ಕೆರೆಯಂಗಳ, ಉದ್ಯಾನ, ಬಯಲು: ಬೆಂಗಳೂರಿನ ಸಾರ್ವಜನಿಕ ನೆಲದ ಚರಿತ್ರೆ

ನಗರಗಳ ಚರಿತ್ರೆಯನ್ನು ಬರೆಯುವಾಗ ಕೋಟೆ, ಅರಮನೆ, ದೇವಾಲಯಗಳಿಗೆ ದೊರೆತಷ್ಟು ಗಮನ ಬಯಲಿಗೆ ದೊರೆತಿಲ್ಲ. ಕಟ್ಟಡಕ್ಕೆ ಶಾಸನವಿರುತ್ತದೆ, ಕಟ್ಟಿಸಿದವರ ಹೆಸರಿರುತ್ತದೆ. ಖಾಲಿ ನೆಲಕ್ಕೆ ಇವೆರಡೂ ಇರುವುದಿಲ್ಲ. ಆದರೆ ಒಂದು ಊರಿನ ಜನರು ಪರಸ್ಪರ ಅಪರಿಚಿತರಾಗಿದ್ದೂ ಎಲ್ಲಿ ಕೂಡುತ್ತಿದ್ದರು, ಆಳುವವರಿಗೆ ಕೇಳಿಸುವಂತೆ ಎಲ್ಲಿ ಮಾತನಾಡುತ್ತಿದ್ದರು ಎಂಬುದು ಆ ಊರಿನ ಪೌರಜೀವನವನ್ನು ಅರಿಯಲು ಅತ್ಯಗತ್ಯವಾದ ಪ್ರಶ್ನೆಯಾಗಿದೆ. ಬೆಂಗಳೂರಿನ ಮಟ್ಟಿಗೆ ಈ ಪ್ರಶ್ನೆಯನ್ನು 'ಉದ್ಯಾನ ನಗರ'ವೆಂಬ ಬಿರುದು ಮರೆಮಾಡಿದೆಯೆಂದೇ ಹೇಳಬೇಕು. ಈ ನಗರದಲ್ಲಿ ಉದ್ಯಾನಗಳನ್ನು ಯೋಜಿಸಿ ನಿರ್ಮಿಸಲಾಯಿತು. ಸಭೆ ಸೇರುವ ಬಯಲನ್ನು ಮಾತ್ರ ಯಾರೂ ಯೋಜಿಸಲಿಲ್ಲ. ಜನರು ಅದನ್ನು ಬತ್ತಿದ ಕೆರೆಗಳ ಅಂಗಳದಲ್ಲಿ, ತಮಗಾಗಿ ರಚಿತವಾಗಿರದ ಉದ್ಯಾನಗಳಲ್ಲಿ ತಾವೇ ಕಂಡುಕೊಂಡರು.

ಕೆಂಪೇಗೌಡನು 1537ರಲ್ಲಿ ಸ್ಥಾಪಿಸಿದನೆಂದು ಪ್ರತೀತಿಯಿರುವ ಪೇಟೆಯಲ್ಲಿ ಯುರೋಪಿನ ಅರ್ಥದ ಚೌಕವಿರಲಿಲ್ಲ. ನಾಲ್ಕು ಜೊತೆ ಎತ್ತುಗಳನ್ನು ನಾಲ್ಕು ದಿಕ್ಕಿಗೆ ಉಳಲು ಬಿಟ್ಟರೆಂಬ ಐತಿಹ್ಯ ದೊಡ್ಡಪೇಟೆ ಹಾಗೂ ಚಿಕ್ಕಪೇಟೆಗಳು ಕೂಡುವ ಜಾಗಕ್ಕೆ ಸಂಬಂಧಿಸಿದ್ದು, ಅಲ್ಲಿನ 'ಚೌಕ' ಎಂಬುದು ಬೀದಿಗಳು ಸಂಧಿಸುವ ಸ್ಥಳವೇ ಹೊರತು ಜನರು ನಿಲ್ಲಲೆಂದು ತೆರವುಗೊಳಿಸಿದ ಅಂಗಳವಲ್ಲ. ಪೇಟೆಯ ಬೀದಿಗಳು ವೃತ್ತಿಗೆ, ಜಾತಿಗೆ, ಸರಕಿಗೆ ಸೇರಿದವು. ಅಕ್ಕಿಪೇಟೆ, ರಾಗಿಪೇಟೆ, ಬಳೆಪೇಟೆ, ಕುಂಬಾರಪೇಟೆ ಎಂಬ ಹೆಸರುಗಳೇ ಇದನ್ನು ಸಾರುತ್ತವೆ. ಈ ಗಡಿಗಳನ್ನು ವರ್ಷಕ್ಕೊಮ್ಮೆಯಾದರೂ ದಾಟುತ್ತಿದ್ದುದು ಉತ್ಸವ. ಚೈತ್ರ ಪೌರ್ಣಮಿಯ ರಾತ್ರಿ ಧರ್ಮರಾಯಸ್ವಾಮಿ ದೇವಾಲಯದಿಂದ ಹೊರಡುವ ಕರಗವು ಬೀದಿ ಬೀದಿಗಳನ್ನು ಒಂದೇ ದಾರಕ್ಕೆ ಪೋಣಿಸುತ್ತಿತ್ತು. ಪೇಟೆಯ ಅಂಚಿನ ಕೆರೆಗಳು ಮತ್ತೊಂದು ಬಗೆಯ ಸಾಮಾನ್ಯ ನೆಲ. ಪಶ್ಚಿಮಕ್ಕೆ ಧರ್ಮಾಂಬುಧಿ, ದಕ್ಷಿಣಕ್ಕೆ ಸಿದ್ಧಿಕಟ್ಟೆ, ಪೂರ್ವಕ್ಕೆ ಸಂಪಂಗಿ ಕೆರೆಗಳಿದ್ದವು. ಕುಡಿಯುವವರು, ತೋಟ ಮಾಡುವವರು, ದನ ಮೇಯಿಸುವವರು, ಪೂಜೆ ಸಲ್ಲಿಸುವವರು ಇವುಗಳ ಮೇಲೆ ಬೇರೆ ಬೇರೆ ಹಕ್ಕುಗಳನ್ನು ಹೊಂದಿದ್ದರು. ಇಂದಿನ ಅರ್ಥದಲ್ಲಿ ಇದು 'ಎಲ್ಲರ' ನೆಲವಾಗಿರಲಿಲ್ಲ. ಹಲವರದಾಗಿತ್ತು, ಮತ್ತು ಯಾರದು ಎಷ್ಟೆಂಬುದು ಎಲ್ಲರಿಗೂ ತಿಳಿದಿತ್ತು.

ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಪೇಟೆಯ ಈಶಾನ್ಯಕ್ಕೆ ದಂಡು ಪ್ರದೇಶವು ತಲೆಯೆತ್ತಿದಾಗ ಅದರ ನಡುವಿನ ಕವಾಯತು ಮೈದಾನವು ವಿಶಾಲವಾದ ಖಾಲಿ ನೆಲವೆಂಬ ಹೊಸ ಕಲ್ಪನೆಯನ್ನು ತಂದಿತು. ಆದರೆ ಅದು ಸೈನ್ಯದ ಶಿಸ್ತಿನ ನೆಲ. 1862ರಲ್ಲಿ ಪೇಟೆಗೊಂದು, ದಂಡಿಗೊಂದು ಎಂದು ಎರಡು ಪುರಸಭೆಗಳು ರಚನೆಯಾದ ಮೇಲೆ ಬೆಂಗಳೂರೆಂಬುದು ಆಡಳಿತದ ದೃಷ್ಟಿಯಿಂದಲೂ ಎರಡು ಊರಾಯಿತು. ಹೈದರಾಲಿಯು 1760ರಲ್ಲಿ ಆರಂಭಿಸಿದ ಲಾಲ್‌ಬಾಗ್ ಇವೆರಡರಿಂದಲೂ ದೂರದಲ್ಲಿತ್ತು. 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾದ ಅದು ಮೂಲತಃ ಸಸ್ಯಗಳ ಪ್ರಯೋಗಭೂಮಿ. ಅಲ್ಲಿಗೆ ಜನರು ಬಂದದ್ದು ನೋಡುವುದಕ್ಕೆ, ಫಲಪುಷ್ಪ ಪ್ರದರ್ಶನಕ್ಕೆ. ಅದರ ಚರಿತ್ರೆ ಬೇರೆಯೇ ಆದ ಅಧ್ಯಯನವನ್ನು ಬೇಡುತ್ತದೆ.

ಪೇಟೆ ಹಾಗೂ ದಂಡುಗಳ ನಡುವಣ ನೆಲದ ಸ್ವರೂಪವನ್ನು ಬದಲಿಸಿದ್ದು ಕಚೇರಿ. 1831ರಲ್ಲಿ ಮೈಸೂರಿನ ಆಡಳಿತವು ಬ್ರಿಟಿಷ್ ಕಮಿಷನರರ ಕೈಸೇರಿದ ಬಳಿಕ ಸರ್ಕಾರದ ಕಚೇರಿಗಳು ಪೇಟೆಯ ಕೋಟೆಯೊಳಗಿನ ಟಿಪ್ಪುವಿನ ಅರಮನೆಯಲ್ಲಿ ನಡೆಯುತ್ತಿದ್ದವು. ಹದಿನೆಂಟು ಇಲಾಖೆಗಳಿಗೆಂದು 1864 ಮತ್ತು 1868ರ ನಡುವೆ ಕೆಂಪು ಬಣ್ಣದ ಅಠಾರಾ ಕಚೇರಿ ಸಿದ್ಧವಾದಾಗ ಆಡಳಿತವು ಪೇಟೆಯಿಂದ ಹೊರಬಂದು ಎರಡೂ ಊರುಗಳಿಂದ ಅಂತರ ಕಾಯ್ದುಕೊಳ್ಳುವ ತಾಣದಲ್ಲಿ ನೆಲೆಸಿತು. ಕಟ್ಟಡವನ್ನು ರೂಪಿಸಿದ ಮುಖ್ಯ ಎಂಜಿನಿಯರ್ ರಿಚರ್ಡ್ ಸ್ಯಾಂಕಿಯವರೇ 1870ರಲ್ಲಿ ಅದರ ಮುಂದೆ ಸುಮಾರು ನೂರು ಎಕರೆಯ ಉದ್ಯಾನವನ್ನೂ ಯೋಜಿಸಿದರು. ಅಂದರೆ ಈ ಉದ್ಯಾನವು ಹುಟ್ಟಿದ್ದು ಕಚೇರಿಯ ಅಂಗಳವಾಗಿ. ಮರಗಳ ಸಾಲು, ತಿರುವು ಹಾದಿ, ದೂರದಿಂದ ಕಾಣುವ ಕಂಬಸಾಲಿನ ಕಟ್ಟಡ ಇವೆಲ್ಲವೂ ಅಧಿಕಾರಕ್ಕೆ ಒಂದು ನೋಟವನ್ನು ಒದಗಿಸಲು ಹೊಂದಿಸಿದವುಗಳಾಗಿದ್ದವು.

ಉದ್ಯಾನದ ಹೆಸರುಗಳೂ ಇದನ್ನೇ ಸೂಚಿಸುತ್ತವೆ. ಆಗಿನ ಕಮಿಷನರ್ ಜಾನ್ ಮೀಡ್ ಅವರ ಹೆಸರಿನಲ್ಲಿ ಮೊದಲು ಮೀಡ್ಸ್ ಪಾರ್ಕ್ ಎನಿಸಿದ್ದುದು, 1834ರಿಂದ 1861ರವರೆಗೆ ಆಡಳಿತ ನಡೆಸಿದ ಮಾರ್ಕ್ ಕಬ್ಬನ್ ಅವರ ನೆನಪಿಗೆ ಕಬ್ಬನ್ ಪಾರ್ಕ್ ಆಯಿತು. 1927ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ರಜತೋತ್ಸವದ ಸಂದರ್ಭದಲ್ಲಿ ಶ್ರೀ ಚಾಮರಾಜೇಂದ್ರ ಉದ್ಯಾನವೆಂದು ನಾಮಕರಣವಾಯಿತು. ಕಡತಗಳಲ್ಲಿ ಈ ಹೆಸರು ನಿಂತಿತು, ನಾಲಿಗೆಯಲ್ಲಿ ನಿಲ್ಲಲಿಲ್ಲ. ಪ್ರತಿಮೆಗಳ ಸಾಲನ್ನು ಗಮನಿಸಿದರೆ ಅರಸೊತ್ತಿಗೆಯ ಚರಿತ್ರೆಯನ್ನೇ ನೆಲದ ಮೇಲೆ ಬರೆದಂತಿದೆ: 1906ರಲ್ಲಿ ವಿಕ್ಟೋರಿಯಾ ರಾಣಿ, 1913ರಲ್ಲಿ ದಿವಾನ್ ಶೇಷಾದ್ರಿ ಅಯ್ಯರ್, 1919ರಲ್ಲಿ ಏಳನೆಯ ಎಡ್ವರ್ಡ್, 1927ರಲ್ಲಿ ಚಾಮರಾಜ ಒಡೆಯರ್. ಇವುಗಳಲ್ಲಿ ರಾಣಿಯ ಪ್ರತಿಮೆಯ ಸ್ಥಾನವು ವಿಶೇಷವಾದುದು. ದಂಡು ಮುಗಿದು ಅರಸರ ಸೀಮೆ ಆರಂಭವಾಗುವಲ್ಲಿ ನಿಂತ ಅದು ಎರಡು ಊರುಗಳ ಎಲ್ಲೆಗಲ್ಲಿನಂತೆಯೂ ವರ್ತಿಸಿತು.

ಉದ್ಯಾನದೊಳಗಿನ ಎಲ್ಲ ಸಂಸ್ಥೆಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಸೇನಾ ವಾದ್ಯವೃಂದವು ನುಡಿಸುತ್ತಿದ್ದ ಬ್ಯಾಂಡ್‌ಸ್ಟ್ಯಾಂಡ್‌ನ ಸಂಜೆಗಳು ಉಡುಪು ಮತ್ತು ನಡತೆಯ ಕಟ್ಟುಪಾಡಿಗೆ ಒಗ್ಗಿದವರ ಸಂಜೆಗಳು. 1917ರಲ್ಲಿ ಸ್ಥಾಪನೆಯಾದ ಸೆಂಚುರಿ ಕ್ಲಬ್ಬಿನ ಹಿಂದೆ ಬಿಳಿಯರ ಕ್ಲಬ್ಬುಗಳ ತಾರತಮ್ಯಕ್ಕೆ ಪ್ರತ್ಯುತ್ತರ ನೀಡುವ ಭಾರತೀಯರ ಸ್ವಾಭಿಮಾನವಿತ್ತೆಂಬುದು ನಿಜ. ಆದರೂ ಸಾರ್ವಜನಿಕ ನೆಲದಲ್ಲಿ ಸದಸ್ಯರಿಗಷ್ಟೇ ಮೀಸಲಾದ ಆವರಣವೊಂದು ತಲೆಯೆತ್ತಿದ್ದೂ ಅಷ್ಟೇ ನಿಜ. ಇದಕ್ಕೆ ಹೋಲಿಸಿದರೆ 1877ರಲ್ಲಿ ಈಗಿನ ಕಟ್ಟಡಕ್ಕೆ ಬಂದ ವಸ್ತುಸಂಗ್ರಹಾಲಯ, 1915ರಲ್ಲಿ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದಲ್ಲಿ ಆರಂಭವಾದ ಸಾರ್ವಜನಿಕ ಗ್ರಂಥಾಲಯಗಳ ಬಾಗಿಲು ಅಗಲವಾಗಿತ್ತು. ಓದಲು ಬಂದ ವಿದ್ಯಾರ್ಥಿ ಉದ್ಯಾನದ ಮರದ ಕೆಳಗೂ ಕುಳಿತ. ಯೋಜಕರ ನಕ್ಷೆಯಲ್ಲಿಲ್ಲದ ಬಳಕೆಯು ಉದ್ಯಾನದೊಳಗೆ ಕಾಲಿಟ್ಟದ್ದು ಬಹುಶಃ ಹೀಗೆಯೇ ಇರಬೇಕು.

ಆದರೆ ರಾಜಕೀಯದ ಮಾತಿಗೆ ಈ ಉದ್ಯಾನದಲ್ಲಿ ಆಗ ಎಡೆಯಿರಲಿಲ್ಲ. ಅದಕ್ಕೆ ನೆಲ ಒದಗಿದ್ದು ಅನಿರೀಕ್ಷಿತ ದಿಕ್ಕಿನಿಂದ. 1896ರಲ್ಲಿ ಹೆಸರಘಟ್ಟದಿಂದ ಕೊಳವೆಯ ನೀರು ಬಂದ ಮೇಲೆ ಊರಿನ ಕೆರೆಗಳು ಉಪಯೋಗವಿಲ್ಲದವೆನಿಸಿದವು. ಸಿದ್ಧಿಕಟ್ಟೆಯ ನೆಲದಲ್ಲಿ 1921ರಲ್ಲಿ ಕೃಷ್ಣರಾಜೇಂದ್ರ ಮಾರುಕಟ್ಟೆ ನಿಂತಿತು. ಬತ್ತಿದ ಧರ್ಮಾಂಬುಧಿಯ ಅಂಗಳವು ಸುಭಾಷ್‌ನಗರದ ಮೈದಾನವಾಯಿತು. ನೀರಿಲ್ಲದ ಕೆರೆಯು ನಗರಾಡಳಿತಕ್ಕೆ ಪಾಳುನೆಲ, ಜನರಿಗೆ ಮಾತ್ರ ಸಭಾಂಗಣ. ಸುಭಾಷ್‌ನಗರದ ಬಯಲು, ತುಳಸಿ ತೋಟ, ಬನ್ನಪ್ಪ ಪಾರ್ಕುಗಳು ಸ್ವಾತಂತ್ರ್ಯ ಚಳವಳಿಯ ಕಾಲದಲ್ಲಿ ಬೆಂಗಳೂರಿನ ನಿಜವಾದ ಚೌಕಗಳಾದವು. ಇವು ಪೇಟೆಗೆ ಕಾಲ್ನಡಿಗೆಯ ದೂರದಲ್ಲಿದ್ದುದು, ಸುತ್ತಲೂ ಗಿರಣಿ ಕಾರ್ಮಿಕರ, ಸಣ್ಣ ವ್ಯಾಪಾರಿಗಳ ವಸತಿಯಿದ್ದುದು ಇದಕ್ಕೆ ಕಾರಣ. ಪ್ರತಿಮೆಗಳಿರುವ ಕಡೆ ಸಭೆಯಿಲ್ಲ, ಸಭೆಯಿರುವ ಕಡೆ ಪ್ರತಿಮೆಯಿಲ್ಲ ಎಂಬಂತಿತ್ತು ಆ ಕಾಲದ ಬೆಂಗಳೂರು.

ಮೈಸೂರಿನಲ್ಲಿಯೂ ಇದೇ ಬಗೆಯ ಬೆಳವಣಿಗೆಯನ್ನು ಕಾಣಬಹುದು. ವೃತ್ತಗಳನ್ನೂ ಮಂಟಪಗಳನ್ನೂ ರಾಜವೈಭವಕ್ಕೆ ತಕ್ಕಂತೆ ರಚಿಸಿದ ಆ ನಗರದಲ್ಲಿ 1947ರ ಸೆಪ್ಟೆಂಬರ್‌ನಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ 'ಮೈಸೂರು ಚಲೋ' ಚಳವಳಿ ನಡೆದಾಗ ಹೋರಾಟಗಾರರು ಕೂಡಿದ್ದು ಸುಬ್ಬರಾಯನಕೆರೆಯ ಬಯಲಿನಲ್ಲಿ. ಹೆಸರೇ ಹೇಳುವಂತೆ ಅದೂ ಒಮ್ಮೆ ಕೆರೆ. ಆ ದಿನಗಳ ಗೋಲೀಬಾರಿನಲ್ಲಿ ಮಡಿದ ವಿದ್ಯಾರ್ಥಿ ರಾಮಸ್ವಾಮಿಯ ಹೆಸರನ್ನು ಒಂದು ವೃತ್ತವು ಹೊತ್ತುಕೊಂಡಿತು. ಅರಸರ ಹೆಸರಿನ ವೃತ್ತಗಳ ನಡುವೆ ಈ ಒಂದು ಹೆಸರಿನ ಭಾರ ಬೇರೆ.

ಸ್ವಾತಂತ್ರ್ಯದ ತರುವಾಯ 1949ರಲ್ಲಿ ಪೇಟೆ ಮತ್ತು ದಂಡುಗಳು ಒಂದೇ ನಗರಸಭೆಯಡಿ ಸೇರಿದವು. ನಡುವಣ ಗೋಡೆಯಂತಿದ್ದ ಕಬ್ಬನ್ ಉದ್ಯಾನವು ಇದ್ದಕ್ಕಿದ್ದಂತೆ ನಗರದ ಮಧ್ಯಭಾಗವಾಯಿತು. 1956ರಲ್ಲಿ ಕೆಂಗಲ್ ಹನುಮಂತಯ್ಯನವರ ವಿಧಾನಸೌಧವು ಅಠಾರಾ ಕಚೇರಿಗೆ ಎದುರಾಗಿ ಪೂರ್ಣಗೊಂಡಾಗ ಉದ್ಯಾನದ ಅರ್ಥವೂ ಬದಲಾಯಿತು. ಒಂದು ಕಡೆ ಶಾಸಕಾಂಗ, ಇನ್ನೊಂದು ಕಡೆ ಉಚ್ಚ ನ್ಯಾಯಾಲಯ, ಪಕ್ಕದಲ್ಲಿ ವಿಸ್ತಾರವಾದ ನೆರಳು: ಅಹವಾಲು ಹೊತ್ತು ದೂರದ ಜಿಲ್ಲೆಗಳಿಂದ ಬಂದವರಿಗೆ ಇದಕ್ಕಿಂತ ತಕ್ಕ ತಾಣ ಮತ್ತೊಂದಿರಲಿಲ್ಲ. ರಾಜ್ಯ ರೈತ ಸಂಘವು ಬೀಜದ ಮೇಲಿನ ಹಕ್ಕನ್ನು ಮುಂದಿಟ್ಟು 1993ರ ಅಕ್ಟೋಬರ್ 2ರಂದು ಬೆಂಗಳೂರಿನಲ್ಲಿ ನಡೆಸಿದ ಬೃಹತ್ ಸಮಾವೇಶದ ನೆಲವೂ ಇದೇ ಉದ್ಯಾನ. ವಿಹಾರಕ್ಕೆಂದು ಮಾಡಿದ ಹುಲ್ಲುಹಾಸಿನ ಮೇಲೆ ಹಸಿರು ಶಾಲಿನವರು ಬುತ್ತಿ ಬಿಚ್ಚಿದರು. ಸ್ಯಾಂಕಿಯವರ ಅಧಿಕಾರದ ಅಂಗಳವು ಪ್ರಜೆಗಳ ಅಂಗಳವಾಗಲು ಶತಮಾನಕ್ಕೂ ಮೀರಿ ಹಿಡಿಯಿತು.

ಇದೇ ಅವಧಿಯಲ್ಲಿ ಉದ್ಯಾನವನ್ನು ಉಳಿಸಿಕೊಳ್ಳುವ ಹೋರಾಟವೂ ಬೆಳೆಯಿತು. 1975ರ ಕರ್ನಾಟಕ ಸರ್ಕಾರಿ ಉದ್ಯಾನಗಳ ಸಂರಕ್ಷಣಾ ಅಧಿನಿಯಮವು ಲಾಲ್‌ಬಾಗ್ ಹಾಗೂ ಕಬ್ಬನ್ ಉದ್ಯಾನಗಳ ನೆಲಕ್ಕೆ ಕಾನೂನಿನ ಬೇಲಿ ಹಾಕಿತು. 1985ರ ಇನ್ನೊಂದು ಅಧಿನಿಯಮವು ಬಡಾವಣೆಗಳ ಉದ್ಯಾನ, ಆಟದ ಬಯಲುಗಳನ್ನು ಒಳಗೊಂಡಿತು. ಅಠಾರಾ ಕಚೇರಿಯನ್ನೇ ಕೆಡಹುವ ಯೋಚನೆಯು 1980ರ ದಶಕದ ಮೊದಲ ಭಾಗದಲ್ಲಿ ಮೂಡಿದಾಗ ನಾಗರಿಕರು ಹೂಡಿದ ಸಾರ್ವಜನಿಕ ಹಿತಾಸಕ್ತಿ ಮೊಕದ್ದಮೆಯ ವಿಚಾರಣೆಯು ಅದೇ ಕಟ್ಟಡದಲ್ಲಿ ನಡೆಯಿತೆಂಬುದು ಸ್ವಾರಸ್ಯಕರ, ಕಟ್ಟಡ ಉಳಿಯಿತು. ಇದಕ್ಕಿಂತಲೂ ವ್ಯಾಪಕ ಪರಿಣಾಮ ಬೀರಿದ್ದು ರಾಜಮಹಲ್ ವಿಲಾಸ ಬಡಾವಣೆಯ ಪ್ರಕರಣ. ಉದ್ಯಾನಕ್ಕೆಂದು ಮೀಸಲಾಗಿದ್ದ ನಿವೇಶನವನ್ನು ಖಾಸಗಿ ಆಸ್ಪತ್ರೆಗೆ ನೀಡಿದ್ದನ್ನು ಅಲ್ಲಿನ ನಿವಾಸಿಗಳು ಪ್ರಶ್ನಿಸಿದರು. 1991ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅವರ ವಾದವನ್ನು ಎತ್ತಿಹಿಡಿದು, ಇಂಥ ನೆಲದ ವಿಷಯದಲ್ಲಿ ನ್ಯಾಯ ಕೇಳುವ ಅಧಿಕಾರ ಬಡಾವಣೆಯ ಜನರಿಗೆ ಇದೆಯೆಂಬುದನ್ನು ಸ್ಥಿರಪಡಿಸಿತು. 1998ರಲ್ಲಿ ಕಬ್ಬನ್ ಉದ್ಯಾನದ ಒಂದು ಭಾಗವನ್ನು ಸಂರಕ್ಷಿತ ಎಲ್ಲೆಯಿಂದ ಕೈಬಿಡಲು ಸರ್ಕಾರವು ಮುಂದಾದಾಗ ಬೀದಿಗಿಳಿದ ನಾಗರಿಕರ ಹಿಂದೆ ಈ ಎಲ್ಲ ಅನುಭವವಿತ್ತು.

ಇಲ್ಲಿ ಒಂದು ತೊಡಕನ್ನು ಗಮನಿಸಬೇಕು. ಈ ಕಾನೂನುಗಳೂ ಹೋರಾಟಗಳೂ ಉದ್ಯಾನವನ್ನು ರಕ್ಷಿಸಿದ್ದು ಹಸಿರಿನ ಹೆಸರಿನಲ್ಲಿ. ಮರ ಕಡಿಯಬಾರದು, ಕಟ್ಟಡ ಏಳಬಾರದು ಎಂಬುದು ಅವುಗಳ ಸಾರ. ಅಲ್ಲಿ ಕೂಡುವ ಹಕ್ಕು ಅವುಗಳ ಕಕ್ಷೆಗೆ ಬರಲಿಲ್ಲ. ಬದಲಾಗಿ, ನಗರದ ಶ್ವಾಸಕೋಶವೆಂಬ ಕಲ್ಪನೆಯು ಬಲಗೊಂಡಂತೆ ಸಮಾವೇಶವು ಹುಲ್ಲನ್ನು ತುಳಿಯುವ, ಸಂಚಾರಕ್ಕೆ ಅಡ್ಡಿಯಾಗುವ ಸಂಗತಿಯಾಗಿ ಕಾಣತೊಡಗಿತು. ಸಭೆ ಸೇರುವ ಹಕ್ಕನ್ನು ಕುರಿತ ನ್ಯಾಯಚಿಂತನೆಯು ಬೇರೆ ಹಾದಿಯಲ್ಲಿ ಸಾಗಿತ್ತು: ಸಾರ್ವಜನಿಕ ಬೀದಿಗಳಲ್ಲಿ ಸಭೆ ನಡೆಸುವುದನ್ನು ಪೊಲೀಸರು ನಿಯಂತ್ರಿಸಬಹುದಾದರೂ ಮನಬಂದಂತೆ ನಿರಾಕರಿಸಲಾಗದೆಂದು ಅಹಮದಾಬಾದಿನ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 1972ರಲ್ಲಿಯೇ ಹೇಳಿತ್ತು. ಈ ಎರಡು ಹಾದಿಗಳು ಬೆಂಗಳೂರಿನಲ್ಲಿ ಒಂದಕ್ಕೊಂದು ಕೂಡಲಿಲ್ಲ. ಹಸಿರಿಗೆ ಕಾವಲು ದೊರೆಯಿತು, ಸಭೆಗೆ ದೊರೆಯಲಿಲ್ಲ. ಅಷ್ಟರಲ್ಲಿ ಹಳೆಯ ಸಭಾಸ್ಥಳಗಳೂ ಕಣ್ಮರೆಯಾಗಿದ್ದವು. ಸುಭಾಷ್‌ನಗರದ ಬಯಲು ಬಸ್ ನಿಲ್ದಾಣವಾಗಿತ್ತು. ಸಂಪಂಗಿ ಕೆರೆಯು ಕಂಠೀರವ ಕ್ರೀಡಾಂಗಣವಾಗಿ, ಕರಗದ ವಿಧಿಗೆ ಬೇಕಾದ ಒಂದು ಚಿಕ್ಕ ಕೊಳವಷ್ಟೇ ಉಳಿದಿತ್ತು. ಗಮನಿಸಿ ನೋಡಿದರೆ, ಅಷ್ಟಾದರೂ ನೀರು ಉಳಿದದ್ದು ಹಳೆಯ ಹಕ್ಕೊಂದನ್ನು ಒಂದು ಸಮುದಾಯವು ಬಿಟ್ಟುಕೊಡದೆ ಇದ್ದುದರಿಂದ.

ಪ್ರತಿಭಟನೆಗೆಂದು ಕೊನೆಗೆ ದೊರೆತ ನೆಲವು ಹಳೆಯ ಕೇಂದ್ರ ಕಾರಾಗೃಹದ ಆವರಣ. ತುರ್ತುಪರಿಸ್ಥಿತಿಯ ಕಾಲದಲ್ಲಿ ಅಟಲ್ ಬಿಹಾರಿ ವಾಜಪೇಯಿ, ಎಲ್.ಕೆ. ಆಡ್ವಾಣಿ, ಮಧು ದಂಡವತೆ ಮೊದಲಾದವರನ್ನು ಬಂಧನದಲ್ಲಿಟ್ಟಿದ್ದ ಈ ಸೆರೆಮನೆಯು ಪರಪ್ಪನ ಅಗ್ರಹಾರಕ್ಕೆ ಸ್ಥಳಾಂತರಗೊಂಡ ಮೇಲೆ 2008ರಲ್ಲಿ ಸ್ವಾತಂತ್ರ್ಯ ಉದ್ಯಾನವಾಗಿ ತೆರೆಯಿತು. ಉದ್ಯಾನ ಸಂರಕ್ಷಣೆಯ ಕಾಯ್ದೆಗೂ ಆ ಬಂಧನಗಳಿಗೂ ಒಂದೇ ಇಸವಿ, 1975, ಎಂಬುದನ್ನು ಇಲ್ಲಿ ನೆನೆಯಬಹುದು. ಕಾವಲುಗೋಪುರ ಹಾಗೂ ಕೆಲವು ಕೊಠಡಿಗಳನ್ನು ಉಳಿಸಿಕೊಂಡ ಆವರಣದ ಒಂದು ಭಾಗವು ವಾಯುವಿಹಾರಕ್ಕೆ, ಇನ್ನೊಂದು ಧರಣಿಗೆ ಮೀಸಲಾಯಿತು. ಸಂಚಾರದ ಅಡಚಣೆಯನ್ನು ಮುಂದಿಟ್ಟು 2021ರ ಆದೇಶವು ನಗರದ ಪ್ರತಿಭಟನೆಗಳನ್ನು ಈ ಒಂದೇ ತಾಣಕ್ಕೆ ಸೀಮಿತಗೊಳಿಸಿತು. ವಿಧಾನಸೌಧವು ಅಲ್ಲಿಂದ ಕಣ್ಣಿಗೆ ಕಾಣುವುದಿಲ್ಲ. ಅದಕ್ಕೆ ಒಂದು ವರ್ಷ ಮೊದಲು, 1866ರಲ್ಲಿ ದಂಡಿನ ಕವಾಯತು ಮೈದಾನದಲ್ಲಿ ಸ್ಥಾಪನೆಯಾಗಿ ಅನಂತರ ಅಠಾರಾ ಕಚೇರಿಯ ಮುಂದೆ ನಿಂತಿದ್ದ ಮಾರ್ಕ್ ಕಬ್ಬನ್ ಅವರ ಕುದುರೆಯ ಪ್ರತಿಮೆಯನ್ನು ನ್ಯಾಯಾಲಯದ ಆವರಣದಿಂದ ತೆರವುಗೊಳಿಸಿ, ಅವರದೇ ಹೆಸರಿನ ಉದ್ಯಾನದೊಳಗೆ ಬ್ಯಾಂಡ್‌ಸ್ಟ್ಯಾಂಡ್‌ನ ಬಳಿ ತಂದಿಡಲಾಗಿತ್ತು.